ನೌಕರರೇ ಬರೆದ ನಿಯಮ: ಐಬಿಎಂ ಬ್ಲಾಗ್ ಮಾರ್ಗಸೂಚಿಯ ವಿಮರ್ಶೆ

ಸಿಬ್ಬಂದಿಯ ಸ್ವಂತ ಬರವಣಿಗೆಯ ಬಗ್ಗೆ ಕಂಪನಿಗಳು ಹೊರಡಿಸಿದ ನಿಯಮಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ಓದುವುದು ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂನ ಬ್ಲಾಗ್ ಮಾರ್ಗಸೂಚಿಯನ್ನು. 2005ರಲ್ಲಿ ಅದರ ಮೊದಲ ರೂಪವನ್ನು ಕಂಪನಿಯ ನೌಕರರೇ ಒಂದು ವಿಕಿಯಲ್ಲಿ, ಅಂದರೆ ಹಲವರು ಸೇರಿ ತಿದ್ದಬಹುದಾದ ಜಾಲಪುಟದಲ್ಲಿ, ಬರೆದು ತಿದ್ದಿದರು. ಬರೆಯುವವರ ಕಷ್ಟ ಬಲ್ಲವರ ಕೈ ಅದರಲ್ಲಿ ಎದ್ದು ಕಾಣುತ್ತದೆ.

ಕಂಪನಿಗೆ ಸಂಬಂಧಿಸಿದ ವಿಷಯ ಬರೆಯುವಾಗ ನಿಮ್ಮ ಗುರುತನ್ನು ಮುಚ್ಚಿಡಬೇಡಿ, ‘ನಾನು’ ಎಂದೇ ಬರೆಯಿರಿ, ಅಭಿಪ್ರಾಯ ನಿಮ್ಮದೇ ಹೊರತು ಸಂಸ್ಥೆಯದಲ್ಲ ಎಂದು ಸ್ಪಷ್ಟಪಡಿಸಿ, ಗ್ರಾಹಕರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಎತ್ತಬೇಡಿ ಎಂದು ಅದು ಬಿಡಿಸಿ ಹೇಳುತ್ತದೆ. ಜಗಳಕ್ಕೆ ಇಳಿಯಬೇಡಿ, ನಿಮ್ಮ ತಪ್ಪನ್ನು ಮೊದಲು ನೀವೇ ತಿದ್ದಿಕೊಳ್ಳಿ ಎಂಬ ಸಲಹೆಯಂತೂ ನನಗೆ ಬಹಳ ಹಿಡಿಸಿತು.

ಈ ಸ್ಪಷ್ಟತೆಯ ಬೆಲೆ ನನಗೆ ಗೊತ್ತು. ಬೆಂಗಳೂರಿನಲ್ಲಿ ನಾನು ಹಿಂದೆ ದುಡಿದ ಸಂಸ್ಥೆಯೊಂದರ ನೇಮಕಾತಿ ಪತ್ರದ ಕೊನೆಯ ಪುಟದಲ್ಲಿ ‘ಸಂಸ್ಥೆಯ ಘನತೆಗೆ ಕುಂದು ತರುವ ಯಾವುದೇ ಬರಹ’ ನಿಷಿದ್ಧ ಎಂಬ ಒಂದೇ ಸಾಲಿತ್ತು. ಕುಂದು ಎಂದರೆ ಯಾವುದು ಎಂದು ಕೇಳಿದಾಗ ಎಚ್‌ಆರ್‌ನವರಿಂದ ಉತ್ತರ ಬರಲಿಲ್ಲ. ಕ್ಯಾಂಟೀನಿನ ತಣ್ಣಗಾದ ಸಾಂಬಾರಿನ ಬಗ್ಗೆ ಬರೆದಿದ್ದ ನಾಲ್ಕು ಸಾಲುಗಳನ್ನೂ ನಾನು ಅಂದು ರಾತ್ರಿಯೇ ಅಳಿಸಿಹಾಕಿದೆ.

ಐಬಿಎಂ ಮಾರ್ಗಸೂಚಿಯ ಬಗ್ಗೆ ನನಗೊಂದು ಆಕ್ಷೇಪವೂ ಇದೆ. ಬರೆದದ್ದಕ್ಕೆ ಬರೆದವರೇ ಹೊಣೆ ಎಂದು ಅದು ಒತ್ತಿ ಹೇಳುತ್ತದೆ. ಆದರೆ ಅಮೆರಿಕದಲ್ಲಿ 1935ರ ಕಾರ್ಮಿಕ ಸಂಬಂಧಗಳ ಕಾಯ್ದೆಯು ಸಂಬಳ ಮತ್ತು ಕೆಲಸದ ಸ್ಥಿತಿಗತಿಗಳ ಕುರಿತು ಸಹೋದ್ಯೋಗಿಗಳು ಒಟ್ಟಾಗಿ ದನಿ ಎತ್ತುವುದಕ್ಕೆ ರಕ್ಷಣೆ ಕೊಟ್ಟಿರುವಾಗ, ಹೊಣೆಯ ಪಕ್ಕದಲ್ಲಿ ಆ ಹಕ್ಕಿಗೂ ಅಷ್ಟೇ ದೊಡ್ಡ ಅಕ್ಷರದ ಜಾಗ ಸಿಗಬೇಕಿತ್ತು.