ವಿಟ್ಬಿಯೋ ಲಿಂಡಿಸ್‌ಫಾರ್ನೋ: ನನ್ನ ಮತ ವಿಟ್ಬಿಗೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಪಾಳುಬಿದ್ದ ಒಂದೇ ಒಂದು ಕ್ರೈಸ್ತ ಮಠ ನೋಡಲು ಬಿಡುವಿದ್ದರೆ ವಿಟ್ಬಿಗೆ ಹೋಗಿ. ಲಿಂಡಿಸ್‌ಫಾರ್ನ್ ಚೆನ್ನಾಗಿಲ್ಲವೆಂದಲ್ಲ, ಅಲ್ಲಿ ಯಜಮಾನಿಕೆಯೆಲ್ಲ ಸಮುದ್ರದ್ದು.

ಆ ದ್ವೀಪದ ರಸ್ತೆ ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗುತ್ತದೆ. ದಾಟಬಹುದಾದ ವೇಳೆಯ ಪಟ್ಟಿಯೇನೋ ಇದೆ, ಆದರೆ ವೇಳೆ ದಿನದಿನಕ್ಕೂ ಸರಿಯುತ್ತಾ ಹೋಗುತ್ತದೆ. ನನಗೆ ಬಿಡುವು ಶನಿವಾರ ಮಾತ್ರ. ಒಂದು ಶನಿವಾರ ದಾರಿ ತೆರೆಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಇನ್ನೊಂದು ಶನಿವಾರ ನಸುಕಿನಲ್ಲೇ ದಾಟಿ ಬೇಗ ಮರಳಬೇಕು, ತಪ್ಪಿದರೆ ನೀರು ಇಳಿಯುವವರೆಗೆ ಅಲ್ಲೇ ಬಿಡಾರ. ಹತ್ತಿರದ ಪಟ್ಟಣ ಬೆರಿಕ್‌ನಿಂದ ಬರುವ ಬಸ್ಸಿನ ವೇಳೆಯನ್ನೂ ಉಬ್ಬರವಿಳಿತವೇ ಗೊತ್ತುಮಾಡುತ್ತದೆ.

ಅಂತೂ ಹೊಂದಿಸಿಕೊಂಡು ಹೋದೆವು. ರಸ್ತೆ ಪಕ್ಕದಲ್ಲಿ ಎತ್ತರದ ಕಂಬಗಳ ಮೇಲೆ ಪುಟ್ಟ ಬಿಳಿ ಕೋಣೆಯೊಂದು ನಿಂತಿದೆ. ನೀರಿಗೆ ಸಿಕ್ಕಿಕೊಂಡವರು ಹತ್ತಿ ಕೂರಲು ಕಟ್ಟಿದ್ದು ಎಂದು ತಿಳಿದದ್ದೇ ತಡ, ಅಮ್ಮ ದ್ವೀಪದಲ್ಲಿ ನೆಮ್ಮದಿಯಾಗಿ ಕಾಫಿ ಕೂಡ ಕುಡಿಯಲಿಲ್ಲ. ವೈಕಿಂಗ್ ಕಡಲ್ಗಳ್ಳರು 793ರಲ್ಲಿ ಇಲ್ಲಿನ ಮಠದ ಮೇಲೆ ಮಾಡಿದ ದಾಳಿಯ ಕಥೆ ಅರ್ಧಕ್ಕೇ ನಿಂತಿತು. ಮಠದ ಗೋಪುರ ಕುಸಿದರೂ ಆಕಾಶದಲ್ಲಿ ಉಳಿದುಕೊಂಡಿರುವ ಆ ಒಂಟಿ ಕಮಾನನ್ನು ಮಾತ್ರ ಕಣ್ತುಂಬ ನೋಡಿದೆವು. ಅದಕ್ಕೆ ಸಾಟಿಯಾದದ್ದು ವಿಟ್ಬಿಯಲ್ಲಿಲ್ಲ, ಒಪ್ಪುತ್ತೇನೆ.

ವಿಟ್ಬಿಯಲ್ಲಿ ಗಡಿಯಾರದ ಹಂಗಿಲ್ಲ. ಊರಿನಿಂದ 199 ಮೆಟ್ಟಿಲು, ನಡುನಡುವೆ ಕೂರಲು ಬೆಂಚು. ಹಿಂದೆ ಶವಪೆಟ್ಟಿಗೆ ಹೊತ್ತವರು ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರಂತೆ. ಇದನ್ನು ಅಮ್ಮನಿಗೆ ಹೇಳಲಿಲ್ಲ. ಮಂಡಿನೋವಿದ್ದವರು ಕಾರಿನಲ್ಲೇ ಮೇಲೆ ಹೋಗಬಹುದು.

657ರಲ್ಲಿ ಹಿಲ್ಡಾ ಎಂಬ ಸನ್ಯಾಸಿನಿ ಸ್ಥಾಪಿಸಿದ ಮಠ ಇದು. ಈಸ್ಟರ್ ಹಬ್ಬವನ್ನು ಯಾವ ದಿನ ಆಚರಿಸಬೇಕು ಎಂಬ ವ್ಯಾಜ್ಯ 664ರಲ್ಲಿ ಇತ್ಯರ್ಥವಾದದ್ದು ಇಲ್ಲೇ. ಸ್ಮಾರ್ತ ಏಕಾದಶಿ, ವೈಷ್ಣವ ಏಕಾದಶಿ ಎಂಬ ತಕರಾರು ಕಂಡ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಈಗ ನಿಂತಿರುವ ಗೋಡೆಗಳು ಬಹುಪಾಲು 13ನೇ ಶತಮಾನದವು ಮತ್ತು ಆಮೇಲಿನವು. 1914ರ ಡಿಸೆಂಬರ್‌ನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡೂ ಬಿದ್ದಿದೆ. ಆದರೆ ಗುಂಡಿಗಿಂತ ಗಾಳಿಯ ಕೆಲಸ ನೋಡಬೇಕು: ಉಪ್ಪುಗಾಳಿ ಮರಳುಗಲ್ಲನ್ನು ತಿಂದು, ಕಂಬಗಳಲ್ಲಿ ಬೆರಳು ತೂರುವಷ್ಟು ಗುಳಿಗಳಾಗಿವೆ. ಕೊಡೆ ಒಯ್ಯಬೇಡಿ, ಉಳಿಯುವುದಿಲ್ಲ.

ಟಿಕೆಟ್ ವಿಷಯದಲ್ಲಿ ನನಗೆ ವ್ಯತ್ಯಾಸವಿಲ್ಲ. ಎರಡನ್ನೂ ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಾರ್ಷಿಕ ಸದಸ್ಯತ್ವ ಎರಡೂ ಕಡೆ ನಡೆಯುತ್ತದೆ. ದ್ವೀಪದಲ್ಲಿ ರಾತ್ರಿ ತಂಗುವಷ್ಟು ದುಡ್ಡು, ರಜೆ ಇದ್ದವರು ಲಿಂಡಿಸ್‌ಫಾರ್ನ್‌ಗೇ ಹೋಗಲಿ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕಾದ ನನ್ನಂಥವರಿಗೆ ವಿಟ್ಬಿಯೇ ಸರಿ.