ಲಿಬ್ರೆಆಫೀಸ್ ರೈಟರ್ ಜೊತೆ 4 ವರ್ಷ: ಬೆರಳಿಗೆ ಒಗ್ಗಿದ ಶಾರ್ಟ್‌ಕಟ್‌ಗಳು

ಬೇರೊಂದು ಸಾಫ್ಟ್‌ವೇರ್‌ನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿ ಪಳಗಿದ ಕೈ ನನ್ನದು. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಸಾಫ್ಟ್‌ವೇರ್‌ನಲ್ಲಿ ಬರವಣಿಗೆಗೆ ಇರುವ ರೈಟರ್‌ಗೆ ಬಂದ ಮೊದಲ ತಿಂಗಳು ತಲೆ ಒಂದು ಹೇಳಿದರೆ ಬೆರಳು ಇನ್ನೊಂದು ಮಾಡುತ್ತಿತ್ತು. ಈಗ ಆ ಕಿರಿಕಿರಿ ಬಹುಪಾಲು ಹೋಗಿದೆ.

ಹೆಚ್ಚು ಕಾಡಿದ್ದು ಕಂಟ್ರೋಲ್ + ಕ್ಯೂ. ಒಂದು ಫೈಲ್ ಮುಚ್ಚಲು ಕಂಟ್ರೋಲ್ + ಡಬ್ಲ್ಯೂ ಒತ್ತಬೇಕು. ಬೆರಳು ಸ್ವಲ್ಪ ಎಡಕ್ಕೆ, ಕ್ಯೂ ಮೇಲೆ ಜಾರಿದರೆ ಮುಗೀತು, ತೆರೆದಿದ್ದ ಎಲ್ಲ ಫೈಲ್‌ಗಳೂ ಮಾಯ. ಸೇವ್ ಆಗದ ಫೈಲ್ ಇದ್ದರೆ ಕೇಳುತ್ತದೆ ನಿಜ. ಎಲ್ಲವೂ ಸೇವ್ ಆಗಿದ್ದರೆ ಮಾತೇ ಇಲ್ಲದೆ ಬಾಗಿಲು ಹಾಕಿಕೊಳ್ಳುತ್ತದೆ. ಟೂಲ್ಸ್ ಮೆನುವಿನ ಕಸ್ಟಮೈಸ್‌ಗೆ ಹೋಗಿ ಕೀಬೋರ್ಡ್ ಟ್ಯಾಬ್ ತೆರೆದೆ. ಅಲ್ಲಿ ರೈಟರ್‌ಗೆ ಒಂದು ಪಟ್ಟಿ, ಇಡೀ ಲಿಬ್ರೆಆಫೀಸ್‌ಗೆ ಇನ್ನೊಂದು ಪಟ್ಟಿ. ನಾನು ಸುಮ್ನೆ ರೈಟರ್ ಪಟ್ಟಿಯಲ್ಲೇ ಅರ್ಧ ಗಂಟೆ ತಡಕಾಡಿದೆ. ಕಂಟ್ರೋಲ್ + ಕ್ಯೂ ಇದ್ದದ್ದು ಲಿಬ್ರೆಆಫೀಸ್ ಪಟ್ಟಿಯಲ್ಲಿ. ಅಲ್ಲಿಂದ ಅಳಿಸಿದೆ, ಪೀಡೆ ತೊಲಗಿತು.

ಎರಡನೆಯದು ಪೇಸ್ಟ್. ಬಣ್ಣ, ಫಾಂಟ್ ಏನೂ ಅಂಟದೆ ಬರೀ ಅಕ್ಷರ ಬರಬೇಕಾದರೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ವಿ ಒತ್ತಬೇಕು. ವೀಣೆ ನುಡಿಸಿದ ಹಾಗೆ! ಕಂಟ್ರೋಲ್ + ಶಿಫ್ಟ್ + ವಿ ಒತ್ತಿದರೆ ಯಾವ ರೀತಿ ಪೇಸ್ಟ್ ಮಾಡಬೇಕು ಎಂದು ಕೇಳುವ ಕಿಟಕಿ ತೆರೆಯುತ್ತದೆ. ಆ ಕಿಟಕಿ ನನಗೆ ಬೇಕಾಗುವುದು ಅಪರೂಪ. ಹಾಗಾಗಿ ಅದೇ ಕೀಗೆ ಬರೀ ಅಕ್ಷರದ ಪೇಸ್ಟ್ ಕೊಟ್ಟೆ. ಇದನ್ನು ರೈಟರ್ ಪಟ್ಟಿಯಲ್ಲಿ ಮಾತ್ರ ಬದಲಿಸಿದ್ದರಿಂದ ಲೆಕ್ಕದ ಹಾಳೆಗಳಿಗೆ ಇರುವ ಕ್ಯಾಲ್ಕ್‌ನಲ್ಲಿ ಹಳೆಯದೇ ಇದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಂದರೆ, ಬರೆಯುತ್ತಿರುವ ಪದದ ಉಳಿದ ಭಾಗವನ್ನು ತಾನೇ ಸೂಚಿಸಿ ಪೂರ್ಣಗೊಳಿಸುವ ಸೌಲಭ್ಯ. ‘ಪರೀಕ್ಷೆ’ ಎಂದು ಬರೆದು ಹೊಸ ಸಾಲಿಗೆ ಹೋಗಲು ಎಂಟರ್ ಒತ್ತಿದೆ. ಹೊಸ ಸಾಲು ಬರಲಿಲ್ಲ, ‘ಪರೀಕ್ಷೆಯಲ್ಲಿ’ ಆಯಿತು. ನಮ್ಮ ಪದಗಳಿಗೆ ಬಾಲ ಜಾಸ್ತಿ ಅಲ್ವಾ, ಅದಕ್ಕೆ ಸೂಚನೆಯೂ ಜಾಸ್ತಿ. ಆಟೋಕರೆಕ್ಟ್ ಆಯ್ಕೆಗಳಲ್ಲಿ ವರ್ಡ್ ಕಂಪ್ಲೀಷನ್ ಟ್ಯಾಬ್ ಇದೆ. ಸೂಚನೆ ಒಪ್ಪುವ ಕೀಯನ್ನು ಎಂಟರ್‌ನಿಂದ ಬಲ ಬಾಣಕ್ಕೆ ಬದಲಿಸಿದೆ. ಪೂರ್ತಿ ಆಫ್ ಮಾಡಬಹುದಿತ್ತು, ಆದರೆ ಉದ್ದ ಪದಗಳಿಗೆ ಅದು ಒಳ್ಳೆಯದೇ.

ಮೊದಮೊದಲು ಹುರುಪಿನಲ್ಲಿ ಇಪ್ಪತ್ತು ಕೀ ಬದಲಿಸಿದ್ದೆ. ಯಾವುದು ಏನು ಎಂದು ನನಗೇ ಮರೆತುಹೋಯಿತು. ರೀಸೆಟ್ ಒತ್ತಿ, ಬೇಕಾದ ನಾಲ್ಕೈದನ್ನು ಮಾತ್ರ ಮತ್ತೆ ಹಾಕಿದೆ. ಅದೇ ಕೀಬೋರ್ಡ್ ಟ್ಯಾಬ್‌ನಲ್ಲಿ ಸೇವ್ ಬಟನ್ ಇದೆ. ಬದಲಾವಣೆಗಳನ್ನೆಲ್ಲ ಒಂದು ಫೈಲ್‌ನಲ್ಲಿ ಇಟ್ಟುಕೊಂಡರೆ ಹೊಸ ಕಂಪ್ಯೂಟರ್‌ನಲ್ಲಿ ಲೋಡ್ ಮಾಡಬಹುದು. ನನಗೆ ಇದು ಗೊತ್ತಾಗಿದ್ದು ಕಂಪ್ಯೂಟರ್ ಬದಲಿಸಿ, ಎಲ್ಲವನ್ನೂ ಕೈಯಾರೆ ಮತ್ತೊಮ್ಮೆ ಹಾಕಿದ ಮೇಲೆ.

5ಕ್ಕೆ 4 ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಎರಡು ಪಟ್ಟಿಗಳ ಗೊಂದಲಕ್ಕೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಕೂತಾಗ ಮಾತ್ರ ಇವತ್ತಿಗೂ ಕಂಟ್ರೋಲ್ + ಶಿಫ್ಟ್ + ವಿ ಒತ್ತಿ, ಆ ಕಿಟಕಿಯ ಮುಖ ನೋಡುತ್ತೇನೆ.