ಕ್ಲಾಸಿನಲ್ಲಿ ನಾಟಕವೋ, ಹಸೆ ಚಿತ್ತಾರವೋ?

ಪಾಠ ಅಂದರೆ ಮುಖ ತಿರುಗಿಸುವ ಮಕ್ಕಳಿಗೆ ಬೇರೇನಾದರೂ ಮಾಡಿಸಬೇಕು ಅನ್ನುವ ಸಾಗರ, ಸೊರಬದ ಕಡೆಯ ಮೇಷ್ಟ್ರು, ಟೀಚರ್‌ಗಳಿಗೆ ನಾಟಕ, ಗೋಡೆ ಮೇಲೆ ಬಿಡಿಸುವ ಹಸೆ ಚಿತ್ತಾರ ಎರಡೂ ಕೈಗೆಟಕುವ ದಾರಿಗಳು.

ನಾಟಕಕ್ಕೆ ಖರ್ಚು ಕಡಿಮೆ. ತಂಟೆ ಮಾಡುವ ಹುಡುಗನಿಗೆ ದೊಡ್ಡ ದನಿಯ ಪಾತ್ರ ಕೊಟ್ಟರೆ ಅವನ ಗದ್ದಲಕ್ಕೂ ಒಂದು ಕೆಲಸ ಸಿಗುತ್ತದೆ. ಹೆಗ್ಗೋಡಿನಲ್ಲಿ 1949ರಲ್ಲೇ ನೀನಾಸಂ ನಾಟಕ ಸಂಸ್ಥೆ ಶುರುವಾದ ಸೀಮೆ ಇದು, ನಾಟಕ ಅಂದರೆ ಪೋಷಕರೂ ಹುಬ್ಬೇರಿಸುವುದಿಲ್ಲ. ಆದರೆ ಮನೆಯ ಜಗಳ ನೋಡಿ ಮಾತೇ ನಿಲ್ಲಿಸಿದ ಮಗುವನ್ನು ಸುಮ್ನೆ ವೇದಿಕೆಗೆ ತಳ್ಳಬೇಡಿ. ಇನ್ನೂ ಮುದುಡುತ್ತದೆ.

ಅಂಥವರಿಗೆ ಚಿತ್ತಾರವೇ ಸರಿ. ಮಲೆನಾಡಿನ ದೀವರ ಸಮುದಾಯದ ಮನೆಗಳ ಈ ಕಲೆಗೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ ಸಾಕು. ಮಾತಾಡಬೇಕಿಲ್ಲ, ಗೆರೆ ಎಳೆದರೆ ಆಯ್ತು. ಗಣಿತ ಬೇಡ ಅನ್ನುವವರೂ ಗೊತ್ತಿಲ್ಲದೆ ತ್ರಿಕೋನ, ಚೌಕ ಅಳೆಯುತ್ತಿರುತ್ತಾರೆ. ಕಲಿಸಲು ಊರಿನ ಅಜ್ಜಿಯನ್ನೇ ಕರೆಯಿರಿ. ಹಿಂದಿನ ಬೆಂಚಿನ ಅವರ ಮೊಮ್ಮಗಳು ಅವತ್ತು ತಲೆ ಎತ್ತಿ ಕೂರುತ್ತಾಳೆ, ಅಲ್ವಾ? ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುತ್ತದೆ, ರಟ್ಟಿನ ಮೇಲೆ ಮಾಡಿಸಿ. ಒಣಗಲು ಟೈಮ್ ಜಾಸ್ತಿ ಬೇಕು, ಅಷ್ಟೆ.

ಒಂದನ್ನೇ ಆರಿಸಿ ಅಂದರೆ ನನ್ನ ಓಟು ಚಿತ್ತಾರಕ್ಕೆ. ತೀರಾ ಗಲಾಟೆಯ ಕ್ಲಾಸಾದರೆ ಮಾತ್ರ ನಾಟಕ ಮೊದಲು. ಎರಡಕ್ಕೂ ಮಾರ್ಕ್ಸ್ ಇಡಬೇಡಿ.